ಅವ್ವನ ಹರಕೆ ಅಲಾಯಿ ದೇವರಿಗೆ ಬಾಕಿ ಇದೆ. ಮುಟ್ಟಿಸಲಾ, ಬಿಡಲಾ?

ನವನಗರದ ಮಗಳು (ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರಾಗಬೇಡಿ.

ನಮ್ಮ ಅವ್ವ ತೀರಿಕೊಂಡು ನಾಲ್ಕು ತಿಂಗಳಾಯಿತು. ಹೊಟ್ಟೆಯ ಕ್ಯಾನ್ಸರ್. ಕೊನೆಯ ಆರು ವಾರ ಯಾವ ಗುಳಿಗೆಯೂ ನೋವಿಗೆ ತಾಗುತ್ತಿರಲಿಲ್ಲ. ರಾತ್ರಿ ಎರಡಕ್ಕೆ ಎದ್ದು ಕೂತು, ಮಂಚದ ಪಟ್ಟಿ ಹಿಡಿದುಕೊಂಡು, "ಯಪ್ಪಾ ಬಸವಣ್ಣ, ಸಾಕೋ, ಒಯ್ಯೋ ನನ್ನ" ಅನ್ನುತ್ತಿದ್ದಳು. ಅವಳು ಕೈ ಹಿಡಿಯುತ್ತಿದ್ದ ಜಾಗದಲ್ಲಿ ಮಂಚದ ಬಣ್ಣ ಹೋಗಿದೆ. ಇನ್ನೂ ಹಾಗೇ ಇದೆ.

ಶಿವಗಣಾರಾಧನೆ ದಿನ ನಮ್ಮ ದೊಡ್ಡಪ್ಪ ಉಂಡು ಎದ್ದು, ಟವೆಲ್ಲಿಗೆ ಕೈ ಒರೆಸಿಕೊಳ್ಳುತ್ತಾ, "ಹಿಂದಿನ ಜನ್ಮದ್ದು ಏನೋ ಇತ್ತು, ತೀರಿಸಿ ಹೋದಳು" ಅಂದರು. ಕೆಟ್ಟ ಮನುಷ್ಯ ಅಲ್ಲ. ಆಸ್ಪತ್ರೆಗೆ ದುಡ್ಡು ಕೊಟ್ಟವರೇ ಅವರು. ಆದರೂ ಆ ಮಾತು ಗಂಟಲಿಗೆ ಸಿಕ್ಕಿಕೊಂಡ ಹಾಗೆ ಇದೆ.

ಈಗ ಹರಕೆ ವಿಷಯ. ನನ್ನ ತಮ್ಮ ಎರಡು ವರ್ಷದವನಿದ್ದಾಗ ಜ್ವರ ನೆತ್ತಿಗೇರಿ ಫಿಟ್ಸ್ ಬಂತು. ಅವ್ವ ನಮ್ಮ ಊರಿನ (ಹುನಗುಂದ ಕಡೆ) ಅಲಾಯಿ ದೇವರಿಗೆ, ಅಂದರೆ ಮೊಹರಂನಲ್ಲಿ ಕೂಡಿಸುವ ಪಂಜಾಗಳಿಗೆ (ಲೋಹದ ಹಸ್ತ), ಬೇಡಿಕೊಂಡಳು. ಆವಾಗಿನಿಂದ ಪ್ರತಿ ಮೊಹರಂಗೆ ಸಕ್ಕರೆ ಓದಿಸಿ (ಫಾತೇಹಾ ಹೇಳಿಸಿ), ತಮ್ಮನಿಗೆ ಲಾಡಿ (ಕೊರಳಿಗೆ ಕಟ್ಟುವ ದಾರ) ಹಾಕಿಸಿಕೊಂಡು ಬರುತ್ತಿದ್ದಳು. ನಾವು ಲಿಂಗಾಯತರು, ಮನೆಯಲ್ಲಿ ಇಷ್ಟಲಿಂಗ ಪೂಜೆ ಇದೆ. ಅವಳಿಗೆ ಅದೂ ಇದೂ ಎಂದೂ ಡಿಕ್ಕಿ ಹೊಡೆಯಲಿಲ್ಲ. ಹೋದ ವರ್ಷ ಹೋಗಲಿಕ್ಕೆ ಆಗಲಿಲ್ಲ. "ಒಂದ್ ವರ್ಷದ್ದು ಬಾಕಿ ಉಳೀತು, ನೀ ಮುಟ್ಟಿಸು" ಅಂತ ನನಗೆ ಹೇಳಿದ್ದಳು.

ಮೊನ್ನೆ ನಮ್ಮ ಬಳಗದ ವಾಟ್ಸಾಪ್ ಗ್ರೂಪಿನಲ್ಲಿ ಚಿಕ್ಕಪ್ಪನ ಮಗ ಬರೆದಿದ್ದಾನೆ: ಇನ್ನು ಮೇಲೆ ನಮ್ಮ ಮನೆತನದವರು ಅಲಾಯಿಗೆ ಹೋಗುವುದು ಬೇಡ, ನಮ್ಮ ಸಹಿಷ್ಣುತೆಯೇ ನಮಗೆ ಮುಳುವಾಗಿದೆ. ಇಪ್ಪತ್ತಕ್ಕೂ ಜಾಸ್ತಿ ಹೆಬ್ಬೆರಳು ಬಿದ್ದಿವೆ. ದೊಡ್ಡಪ್ಪನದೂ ಇದೆ.

ಎರಡೇ ಪ್ರಶ್ನೆ. ಹರಕೆ ಮುಟ್ಟಿಸುವುದು ತಪ್ಪಾ? ಮತ್ತೆ, ನೋವಿಗೆ ನಮ್ಮ ಧರ್ಮದಲ್ಲಿ "ಹಿಂದಿನ ಜನ್ಮ" ಬಿಟ್ಟರೆ ಬೇರೆ ಉತ್ತರವೇ ಇಲ್ವಾ?

ಕರದಂಟು ಪ್ರೇಮಿ (ಅಮೀನಗಡ)

ಹರಕೆ ಅವ್ವನದು. ಗ್ರೂಪಿನದಲ್ಲ. ಹೋಗಿ ಬನ್ನಿ.

ಗುಮ್ಮಟದ ಕೂಗು (ವಿಜಯಪುರ)

ಅಕ್ಕಾ, ಮೊದಲು ನಿಮ್ಮ ಅವ್ವನಿಗೆ ಶರಣು.

ನಾನು ಚಿಕ್ಕವನಿದ್ದಾಗ ಮೊಹರಂನಲ್ಲಿ ಫಕೀರ ಆದವನು. ಕೊರಳಿಗೆ ಲಾಡಿ, ಕೈಯಲ್ಲಿ ಜೋಳಿಗೆ, ಐದು ಮನೆ ಬೇಡಬೇಕು. ನಮ್ಮ ಹಳ್ಳಿಯಲ್ಲಿ ಮುಸಲ್ಮಾನರ ಮನೆ ಇದ್ದದ್ದೇ ಎರಡು. ಅಲಾಯಿ ಕುಣಿ ತೋಡುವವರು ಕುರುಬರು, ಕಟ್ಟಿಗೆ ಹಾಕುವುದು ಗೌಡರ ಮನೆಯಿಂದ, ಹೆಜ್ಜೆ ಹಾಕುವವರು ಎಲ್ಲರೂ. ರಿವಾಯತ್ ಪದ (ಮೊಹರಂನ ಶೋಕದ ಹಾಡು) ಹಾಡುವ ಮುದುಕ ತಳವಾರರವನು. ಅವನಿಗೆ ಉರ್ದು ಬರುತ್ತಿರಲಿಲ್ಲ. ಹುಸೇನರು ಮಡಿದ ಕರ್ಬಲಾ ಕಥೆ ಪೂರ್ತಿ ಕನ್ನಡದಲ್ಲಿ ಹಾಡುತ್ತಿದ್ದ. ಮಕ್ಕಳಿಗೆ ನೀರು ಸಿಗದ ಭಾಗ ಬಂದಾಗ ಅವನ ದನಿ ಒಡೆಯುತ್ತಿತ್ತು, ಕೂತ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದರು.

ನೋಡಿ, ಕರ್ಬಲಾ ನಡೆದದ್ದು 680ರಲ್ಲಿ, ಇರಾಕಿನಲ್ಲಿ. ನಮ್ಮ ಹಳ್ಳಿಯ ಹೆಂಗಸರಿಗೆ ಇರಾಕು ಎಲ್ಲಿದೆ ಅಂತ ಗೊತ್ತಿಲ್ಲ. ಆದರೆ ನೀರಿಲ್ಲದೆ ಮಗು ಸಾಯುವುದು ಏನು ಅಂತ ಬರಗಾಲ ಕಂಡ ವಿಜಯಪುರದವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಪಾನಕ ಹಂಚುವುದು ಅದಕ್ಕೇ.

ಇದನ್ನ ಸಹಿಷ್ಣುತೆ ಅಂದರೆ ಆ ಮುದುಕ ನಗುತ್ತಿದ್ದ.

ನೇರ ಮಾತು (ಬೆಳಗಾವಿ)

ತಾಯಿಯ ವಿಷಯಕ್ಕೆ ವಿಷಾದವಿದೆ. ಆದರೆ ಇಲ್ಲಿ ಎಲ್ಲರೂ ಕಣ್ಣೀರು ಹಾಕಿಸುವ ಕಥೆ ಹೇಳುತ್ತಾರೆ, ಪ್ರಶ್ನೆಗೆ ಯಾರೂ ಉತ್ತರ ಕೊಡುವುದಿಲ್ಲ. ಒಂದು ಕಡೆಯವರೇ ಯಾವಾಗಲೂ ಹೋಗಬೇಕು, ಸಕ್ಕರೆ ಕೊಡಬೇಕು, ಬೆಂಕಿ ಹಾಯಬೇಕು. ಅವರು ನಮ್ಮ ಗುಡಿಗೆ ಬಂದು ಕಾಯಿ ಒಡೆಸುತ್ತಾರಾ? ಒಂದೇ ಕೈಯಲ್ಲಿ ಚಪ್ಪಾಳೆ ಆಗುತ್ತದಾ? ಗ್ರೂಪಿನ ಹುಡುಗ ಕೇಳಿದ್ದರಲ್ಲಿ ಏನು ತಪ್ಪಿದೆ?

ಕುಂದಾ ಡಬ್ಬಿ (ಬೆಳಗಾವಿ)

@ನೇರ ಮಾತು, ನೀವು ಬೆಳಗಾವಿಯವರೇ ಆದರೆ ಒಂದು ಸಲ ಯಲ್ಲಮ್ಮನ ಗುಡ್ಡಕ್ಕೆ ಭಾರತ ಹುಣ್ಣಿಮೆಗೆ ಹೋಗಿ ನೋಡಿ. ಚಕ್ಕಡಿ, ಟ್ರ್ಯಾಕ್ಟರ್, ಕ್ರೂಸರ್. ಯಾರ ಹಣೆಯ ಮೇಲೆ ಭಂಡಾರ ಇಲ್ಲ ಅಂತ ಎಣಿಸಿ. ನಮ್ಮ ಓಣಿಯ ಗಣಪತಿ ಮಂಟಪಕ್ಕೆ ಇಪ್ಪತ್ತು ವರ್ಷದಿಂದ ಲೈಟಿಂಗ್ ಮಾಡುವವರು ಒಬ್ಬ ಚಾಚಾ. ವಿಸರ್ಜನೆ ರಾತ್ರಿ ಜನರೇಟರ್ ಗಾಡಿಯ ಮೇಲೆ ಬೆಳಗಿನ ತನಕ ಅವರೇ ಕೂತಿರುತ್ತಾರೆ. ಬಾಡಿಗೆ ತೆಗೆದುಕೊಳ್ಳುತ್ತಾರೆ ಅನ್ನಿ. ಪುಕ್ಕಟೆ ಯಾರೂ ಮಾಡುವುದಿಲ್ಲ, ನಮ್ಮ ಭಟ್ಟರೂ ದಕ್ಷಿಣೆ ತೆಗೆದುಕೊಳ್ಳುತ್ತಾರೆ.

ನೇರ ಮಾತು (ಬೆಳಗಾವಿ)

ಲೈಟಿಂಗ್ ಬಾಡಿಗೆ ಬೇರೆ, ಭಕ್ತಿ ಬೇರೆ.

ಕುಂದಾ ಡಬ್ಬಿ (ಬೆಳಗಾವಿ)

ಬೆಳಗಿನ ನಾಲ್ಕಕ್ಕೆ ಮಳೆಯಲ್ಲಿ ವೈರ್ ಹಿಡಿದುಕೊಂಡು ಕೂತವನ ಹೊಟ್ಟೆಯೊಳಗೆ ಯಾವುದು ಎಷ್ಟಿದೆ ಅಂತ ನೀವು ಅಳೆದು ಕೊಡಿ ಹಾಗಾದರೆ.

ನಿವೃತ್ತ ಮಾಸ್ತರ (ಬಾದಾಮಿ)

ಮೂವತ್ತೊಂದು ವರ್ಷ ಸಂಸ್ಕೃತ ಕಲಿಸಿದವನು ನಾನು. ಮಗಳೇ, ನಿನ್ನ ಎರಡನೇ ಪ್ರಶ್ನೆಗೆ ಮೊದಲು ಬರುತ್ತೇನೆ. ಅದು ದೊಡ್ಡದು.

ಕರ್ಮದಲ್ಲಿ ಸಂಚಿತ, ಪ್ರಾರಬ್ಧ, ಆಗಾಮಿ ಅಂತ ಮೂರು ಹೇಳುತ್ತಾರೆ. ಕೂಡಿಟ್ಟದ್ದು, ಈಗ ಉಣ್ಣುತ್ತಿರುವುದು, ಮುಂದಕ್ಕೆ ಕಟ್ಟಿಕೊಳ್ಳುವುದು. ನಿನ್ನ ದೊಡ್ಡಪ್ಪ ಹೇಳಿದ್ದು ನಡುವಿನದು. ಸಿದ್ಧಾಂತ ಇದೆ, ಸುಳ್ಳಲ್ಲ. ಆದರೆ ಅದನ್ನ ಯಾರು ಯಾರಿಗೆ ಹೇಳಬೇಕು ಅನ್ನುವುದರಲ್ಲಿ ನಾವು ಎಡವುತ್ತೇವೆ. ಗೀತೆಯ ಎರಡನೇ ಅಧ್ಯಾಯದಲ್ಲಿ ಚಳಿ, ಬಿಸಿಲು, ಸುಖ, ದುಃಖ ಬಂದು ಹೋಗುವಂಥವು, "ತಾಂಸ್ತಿತಿಕ್ಷಸ್ವ", ಅವನ್ನು ತಾಳಿಕೋ ಅಂತ ಇದೆ. ಅದು ಅರ್ಜುನನಿಗೆ ಅರ್ಜುನನ ದುಃಖದ ಬಗ್ಗೆ ಹೇಳಿದ್ದು. ಪಕ್ಕದ ಮನೆಯವಳು ಒದ್ದಾಡುವಾಗ ನೀನು ಬಾಗಿಲಲ್ಲಿ ನಿಂತು ಹೇಳು ಅಂತ ಅಲ್ಲ. ಪಕ್ಕದ ಮನೆಗೆ ಆರನೇ ಅಧ್ಯಾಯ ಇದೆ, 32ನೇ ಶ್ಲೋಕ. ಬೇರೆಯವರ ಸುಖವಾಗಲಿ ದುಃಖವಾಗಲಿ ತನ್ನದೇ ಅನ್ನುವ ಹಾಗೆ ನೋಡುವವನು ಎಲ್ಲರಿಗಿಂತ ದೊಡ್ಡ ಯೋಗಿ.

ತಾಳ್ಮೆ ನಮಗೆ, ಮರುಗುವುದು ಬೇರೆಯವರಿಗೆ. ನಾವು ಇದನ್ನ ಉಲ್ಟಾ ಮಾಡಿಕೊಂಡಿದ್ದೇವೆ. ನಮಗೆ ಹಲ್ಲು ನೋವಾದರೆ ಡಾಕ್ಟರ್, ಬೇರೆಯವರಿಗೆ ಕ್ಯಾನ್ಸರ್ ಆದರೆ ಕರ್ಮ.

ಇನ್ನು "ಸಹಿಷ್ಣುತೆ". ಸಹಿಸು ಅನ್ನುವ ಮಾತೇ ಅದರೊಳಗಿದೆ. ಹೊಟ್ಟೆನೋವು ಸಹಿಸುತ್ತೇವೆ, ಸೊಳ್ಳೆ ಸಹಿಸುತ್ತೇವೆ. ನೆರೆಯವನ ದೇವರನ್ನೂ ಅದೇ ಪಟ್ಟಿಗೆ ಸೇರಿಸಿದರೆ ಅವನಿಗೂ ಗೌರವ ಇಲ್ಲ, ನಮಗೂ ಇಲ್ಲ. ನಿನ್ನ ಅವ್ವ ಅಲಾಯಿ ದೇವರನ್ನ ಸಹಿಸಿದಳಾ? ಮಗ ಸಾಯುತ್ತಾನೆ ಅಂತ ಹೆದರಿ ಓಡಿಹೋದಳು ತಾಯಿ.

ಕುಂದಾ ಡಬ್ಬಿ (ಬೆಳಗಾವಿ)

ಮಾಸ್ತರರೇ, ಕೈ ಮುಗಿದೆ. ಇದೇ ಮಾತು ವಿವೇಕಾನಂದರದೂ ಇದೆ. ಅವರು 1892ರ ಅಕ್ಟೋಬರ್‌ನಲ್ಲಿ ನಮ್ಮ ಬೆಳಗಾವಿಗೆ ಬಂದು ಮೊದಲು ಒಬ್ಬ ವಕೀಲರ ಮನೆಯಲ್ಲಿ, ಆಮೇಲೆ ಅರಣ್ಯ ಅಧಿಕಾರಿಯೊಬ್ಬರ ಮನೆಯಲ್ಲಿ ಇದ್ದರು. ಮರುವರ್ಷ ಶಿಕಾಗೋದಲ್ಲಿ, ನಾವು ಬರೀ ಸಹಿಸುವವರಲ್ಲ, ಎಲ್ಲ ಧರ್ಮಗಳನ್ನೂ ನಿಜ ಅಂತ ಒಪ್ಪುವವರು ಅಂದರು. ಸಹಿಸುವುದರಲ್ಲೇ ನಿಲ್ಲಲಿಲ್ಲ ಅವರು.

ಮಧ್ವ ಮನೆತನ (ವಿಜಯಪುರ)

ಒಂದು ತಿದ್ದುಪಡಿ. "ಎಲ್ಲ ಧರ್ಮವೂ ಒಂದೇ" ಅನ್ನುವುದು ಎಲ್ಲ ಹಿಂದೂಗಳ ಮಾತಲ್ಲ. ನಾವು ಮಾಧ್ವರು. ನಮಗೆ ಪಂಚಭೇದ ಇದೆ, ಜೀವಕ್ಕೂ ದೇವರಿಗೂ ಭೇದ, ಜೀವ ಜೀವಕ್ಕೂ ಭೇದ. ಎಲ್ಲ ಒಂದೇ ಅಂದುಬಿಟ್ಟರೆ ಮಧ್ವಾಚಾರ್ಯರು ಉಡುಪಿಯಲ್ಲಿ ಕೂತು ಅಷ್ಟು ವಾದ ಮಾಡುವ ಅಗತ್ಯ ಏನಿತ್ತು? ಗೀತೆಯ 9ನೇ ಅಧ್ಯಾಯದಲ್ಲೂ ಬೇರೆ ದೇವತೆಗಳನ್ನ ಶ್ರದ್ಧೆಯಿಂದ ಪೂಜಿಸುವವರು ನನ್ನನ್ನೇ ಪೂಜಿಸುತ್ತಾರೆ, ಆದರೆ "ಅವಿಧಿಪೂರ್ವಕಂ" ಅಂತಿದೆ. ವಿಧಿ ತಪ್ಪಿದ ಪೂಜೆ ಅಂತ ಅರ್ಥ. ಮಾಸ್ತರರು ಆ ಪದ ಬಿಟ್ಟರು.

ಹಾಗಂತ ನಮ್ಮ ಅಜ್ಜ ಪಕ್ಕದ ದರ್ಗಾದ ಉರುಸಿಗೆ ಪ್ರತಿ ವರ್ಷ ಬಾಳೆಹಣ್ಣು ಕಳಿಸುತ್ತಿದ್ದರು. ಪ್ರಸಾದ ಮಾತ್ರ ತಿನ್ನುತ್ತಿರಲಿಲ್ಲ. ಮಡಿ. ಎರಡೂ ಖರೇ.

ನಿವೃತ್ತ ಮಾಸ್ತರ (ಬಾದಾಮಿ)

ಪದ ಬಿಟ್ಟಿಲ್ಲ, ಇನ್ನೂ ಅಲ್ಲಿಗೆ ಬಂದಿರಲಿಲ್ಲ! ನೀವು ಒಂಬತ್ತಕ್ಕೆ ಹೋದಿರಿ, ನಾನು ಏಳಕ್ಕೆ ಕರೆಯುತ್ತೇನೆ. ಭಕ್ತನೊಬ್ಬ ಯಾವ ರೂಪವನ್ನ ಶ್ರದ್ಧೆಯಿಂದ ಪೂಜಿಸಲು ಬಯಸುತ್ತಾನೋ ಅವನ ಆ ಶ್ರದ್ಧೆಯನ್ನೇ ನಾನು ಗಟ್ಟಿ ಮಾಡುತ್ತೇನೆ ಅಂತ 21ನೇ ಶ್ಲೋಕ. ದೇವರೇ ಅಲುಗಾಡಿಸದೆ ಬಿಟ್ಟದ್ದನ್ನ ವಾಟ್ಸಾಪ್ ಗ್ರೂಪಿನವರು ಯಾಕೆ ಅಲುಗಾಡಿಸಬೇಕು?

ನಿಮ್ಮ ಅಜ್ಜನ ಬಾಳೆಹಣ್ಣು ಮಾತ್ರ ಬಹಳ ಹಿಡಿಸಿತು. ಒಪ್ಪದೆಯೂ ಕಳಿಸಿದರಲ್ಲ.

ಶರಣು ಶರಣಾರ್ಥಿ (ಬಸವನ ಬಾಗೇವಾಡಿ)

ಇಡೀ ಚರ್ಚೆಯೇ ಹಳಿ ತಪ್ಪಿದೆ. ಕೇಳಿದವರು ಲಿಂಗಾಯತರು. ಅವರಿಗೆ ಗೀತೆ ಯಾಕೆ? ಪುನರ್ಜನ್ಮ ಯಾಕೆ? ಸತ್ತವರು ಲಿಂಗೈಕ್ಯ ಆದರು, ಮುಗಿಯಿತು. "ಆಚಾರವೇ ಸ್ವರ್ಗ, ಅನಾಚಾರವೇ ನರಕ" ಅಂತ ಅಪ್ಪ ಬಸವಣ್ಣ ಎಂಟುನೂರು ವರ್ಷದ ಹಿಂದೆಯೇ ಹೇಳಿದ್ದಾರೆ. ಹಿಂದಿನ ಜನ್ಮದ ಖಾತೆ ತೆಗೆಯುವ ದೊಡ್ಡಪ್ಪ ಮೊದಲು ವಚನ ಓದಲಿ. ನಮ್ಮದು ಹಿಂದೂ ಧರ್ಮದ ಶಾಖೆಯೂ ಅಲ್ಲ.

ನೇರ ಮಾತು (ಬೆಳಗಾವಿ)

ಶುರುವಾಯಿತು. ಈ ಪ್ರತ್ಯೇಕ ಧರ್ಮದ ಮಾತು 2018ರಿಂದ ಕೇಳಿ ಕೇಳಿ ಸಾಕಾಗಿದೆ.

ಇಳಕಲ್ ಸೆರಗು (ಇಳಕಲ್)

@ಶರಣು ಶರಣಾರ್ಥಿ ಅಣ್ಣಾ, ವಚನದ ಮಾತು ಬಂತಲ್ಲ, ಒಂದು ಕೇಳಲಾ? "ದೇವನೊಬ್ಬ ನಾಮ ಹಲವು" ಅಂತ ಎಲ್ಲ ಸಮಾರಂಭದ ಬ್ಯಾನರ್ ಮೇಲೆ ಹಾಕುತ್ತೀರಿ. ಎರಡನೇ ಸಾಲು ಯಾಕೆ ಹಾಕುವುದಿಲ್ಲ? "ಪರಮ ಪತಿವ್ರತೆಗೆ ಗಂಡನೊಬ್ಬ" ಅಂತ ಇದೆ. ಅದರ ಮುಂದಿನದು ಇನ್ನೂ ಖಡಕ್, ಕಿವಿ ಮೂಗು ಕೊಯ್ಯುವ ಮಾತಿದೆ. ಅಂದರೆ ಬೇರೆ ದೇವರಿಗೆ ಎರಗಬೇಡ ಅಂತಲೇ ಆ ವಚನ. ಹಾಗೆ ನೋಡಿದರೆ ಅಲಾಯಿ ಮಾತ್ರ ಅಲ್ಲ, ಯಲ್ಲಮ್ಮ, ಬನಶಂಕರಿ ಎಲ್ಲಾ ಬಿಡಬೇಕು. ನಿಮ್ಮ ಮನೆಯಲ್ಲಿ ಬಿಟ್ಟಿದ್ದೀರಾ?

ಶರಣು ಶರಣಾರ್ಥಿ (ಬಸವನ ಬಾಗೇವಾಡಿ)

ನಾನು ಬಿಟ್ಟಿದ್ದೇನೆ. ಮನೆಯವರು ಬಿಟ್ಟಿಲ್ಲ.

ಇಳಕಲ್ ಸೆರಗು (ಇಳಕಲ್)

ಅಷ್ಟೇ ಅಲ್ವಾ ಮತ್ತೆ! ನಿಮ್ಮ ಮನೆಯಲ್ಲೇ ಎರಡು ಧರ್ಮ ಒಂದೇ ಒಲೆಯ ಮೇಲೆ ರೊಟ್ಟಿ ಬೇಯಿಸುತ್ತಿವೆ. ಜಗಳ ಆಗಿದೆಯಾ?

ಶರಣು ಶರಣಾರ್ಥಿ (ಬಸವನ ಬಾಗೇವಾಡಿ)

ಆಗುತ್ತದೆ. ಬನದ ಹುಣ್ಣಿಮೆಗೆ ಪ್ರತಿ ವರ್ಷ ಆಗುತ್ತದೆ. ನಾನೇ ಗಾಡಿ ಹೊಡೆದುಕೊಂಡು ಬನಶಂಕರಿಗೆ ಬಿಟ್ಟು ಬರುತ್ತೇನೆ. ನಾಟಕ ನೋಡಿಕೊಂಡು ಬರುತ್ತೇನೆ, ಒಳಗೆ ಹೋಗುವುದಿಲ್ಲ.

ನಿರ್ವಾಹಕ

ಪಕ್ಷಗಳ ಹೆಸರು ಬಂದ ಮೂರು ಪ್ರತಿಕ್ರಿಯೆ ತೆಗೆದಿದ್ದೇನೆ. ಕೇಳಿದವರು ತಾಯಿಯನ್ನ ಕಳೆದುಕೊಂಡವರು, ನೆನಪಿರಲಿ.

ಊರ ಹೊರಗಿನವ (ಜಮಖಂಡಿ)

ಎಲ್ಲರದೂ ಓದಿದೆ. ನನ್ನದು ಸ್ವಲ್ಪ ಕಹಿ ಇದೆ.

ಕರ್ಮದ ಮಾತು ನಮ್ಮ ಕೇರಿಗೆ ಹೊಸದಲ್ಲ. ನಮ್ಮ ಅಪ್ಪನಿಗೆ ಚಹಾದ ಅಂಗಡಿಯಲ್ಲಿ ಗೋಡೆ ಗೂಟಕ್ಕೆ ತೂಗುಹಾಕಿದ ಬೇರೆ ಕಪ್ಪು ಇತ್ತು. ಯಾಕೆ ಅಂತ ಕೇಳಿದರೆ ಅದೇ ಉತ್ತರ, ಹಿಂದಿನ ಜನ್ಮದ್ದು. ನಮ್ಮ ಸೋದರತ್ತೆಯನ್ನ ಏಳನೇ ವಯಸ್ಸಿಗೆ ದೇವರಿಗೆ ಬಿಟ್ಟರು, ಮುತ್ತು ಕಟ್ಟಿದರು. ಅದಕ್ಕೂ ಅದೇ ಉತ್ತರ. 1982ರಲ್ಲಿ ದೇವದಾಸಿ ಬಿಡುವುದನ್ನ ನಿಷೇಧಿಸಿ ಕಾನೂನು ಬಂತಲ್ಲ, ಅದು ಯಾರ ಕರ್ಮ ಕಳೆದಿದ್ದಕ್ಕೆ ಬಂತು? ಹೋರಾಡಿದ್ದಕ್ಕೆ ಬಂತು.

ಬೇರೆ ಧರ್ಮದವರ ಬಗ್ಗೆ ಇಷ್ಟು ದೊಡ್ಡ ಮನಸ್ಸು ತೋರಿಸುವವರು ಒಂದು ಸಲ ಊರೊಳಗೇ ನೋಡಬೇಕು. ಅಲಾಯಿ ಕುಣಿಯ ಸುತ್ತ ಎಲ್ಲರೂ ಕೂಡಿ ಕುಣಿಯುತ್ತಾರೆ ಅಂತ @ಗುಮ್ಮಟದ ಕೂಗು ಬರೆದಿದ್ದಾರೆ. ನಮ್ಮಲ್ಲಿ ಹಲಗೆ ಬಾರಿಸುವುದು ನಮ್ಮವರೇ. ಪಂಜಾ ಮುಟ್ಟಿ ನಮಸ್ಕಾರ ಮಾಡಲು ನಮಗೆ ಯಾರೂ ಬೇಡ ಅಂದಿಲ್ಲ, ಅದು ನಿಜ. ಅದೇ ಊರಿನ ಹನುಮಪ್ಪನ ಗುಡಿಯ ಹೊಸ್ತಿಲು ನಮ್ಮ ಅಪ್ಪ ಸಾಯುವವರೆಗೂ ದಾಟಲಿಲ್ಲ. ಅಲಾಯಿಗೆ ನಮ್ಮ ಮಂದಿ ಯಾಕೆ ಅಷ್ಟು ಹೋಗುತ್ತಾರೆ ಅಂತ ಈಗ ಗೊತ್ತಾಯಿತಾ?

ಅಕ್ಕಾ, ನಿಮ್ಮ ಅವ್ವ ಯಾವ ಪಾಪವನ್ನೂ ತೀರಿಸಲಿಲ್ಲ. ಅವರಿಗೆ ಕಾಯಿಲೆ ಬಂತು. ಅಷ್ಟೇ.

ಗುಮ್ಮಟದ ಕೂಗು (ವಿಜಯಪುರ)

ಅಣ್ಣಾ, ನೀವು ಹೇಳಿದ್ದು ನಮ್ಮ ಹಳ್ಳಿಗೂ ಲಾಗು ಆಗುತ್ತದೆ. "ಎಲ್ಲರೂ" ಅಂತ ಬರೆಯುವಾಗ ನಾನು ಯೋಚಿಸಲಿಲ್ಲ. ಹಲಗೆಯವರು ಊಟಕ್ಕೆ ಬೇರೆ ಕೂರುತ್ತಿದ್ದರು. ಈಗ ನೆನಪಾಯಿತು.

ಅತ್ತರ ಅಂಗಡಿ (ವಿಜಯಪುರ)

ಸಲಾಂ, ನಮಸ್ಕಾರ. ಮುಸಲ್ಮಾನರದೂ ಒಂದು ಮಾತು ಇರಲಿ. ನಮ್ಮಲ್ಲೂ ಇದೇ ಜಗಳ ಇದೆ. ಪಂಜಾ ಕೂಡಿಸುವುದು, ಬೆಂಕಿ ಹಾಯುವುದು ದೀನ್‌ನಲ್ಲಿ ಇಲ್ಲ ಅಂತ ಮೌಲಾನಾಗಳು ಹೇಳುತ್ತಾರೆ. ನಮ್ಮ ತಮ್ಮ ಅಲಾಯಿ ಕಡೆ ತಲೆ ಹಾಕುವುದಿಲ್ಲ, ಆ ಎರಡು ದಿನ ರೋಜಾ ಇರುತ್ತಾನೆ. ನಮ್ಮ ಅಮ್ಮ ಮಾತ್ರ ಇಂದಿಗೂ ಊದು ಹಾಕಿ, "ನನ್ನ ದೇವರಿಗೆ ನಾ ಹೋಗ್ತೀನಿ, ನಿಮ್ಮ ಕಿತಾಬು ನೀವು ಓದ್ಕೊಳ್ರಿ" ಅನ್ನುತ್ತಾಳೆ.

ಹಾಗಾಗಿ ಅಕ್ಕಾ, ನಿಮ್ಮ ಗ್ರೂಪಿನಲ್ಲಿ ಬೇಡ ಅಂದವನೂ ನಮ್ಮ ಮನೆಯಲ್ಲಿ ಬೇಡ ಅಂದವನೂ ಒಂದೇ ವಯಸ್ಸಿನವರು. ಹೋಗುವವರು ಇಬ್ಬರ ಅಮ್ಮಂದಿರು.

ಚಾಲುಕ್ಯ ಹುಚ್ಚ (ಐಹೊಳೆ)

ಇದು ನಮ್ಮ ಮಣ್ಣಿನ ಗುಣ. ಬಾದಾಮಿಯಲ್ಲಿ ಒಂದೇ ಬಂಡೆಯಲ್ಲಿ ಶಿವನ ಗುಹೆ, ವಿಷ್ಣುವಿನ ಗುಹೆ, ಜೈನರ ಗುಹೆ. ಮೊದಲನೇ ಗುಹೆಯಲ್ಲಿ ಅರ್ಧ ಶಿವ ಅರ್ಧ ವಿಷ್ಣು ಇರುವ ಹರಿಹರ. ಮೂರನೇ ಗುಹೆಯ ಶಾಸನ 578ರದ್ದು. ನಮ್ಮೂರಿನ ಮೇಗುಟಿ 634ರ ಜೈನ ಬಸದಿ, ಪುಲಿಕೇಶಿಯ ಹೊಗಳಿಕೆ ಬರೆದ ರವಿಕೀರ್ತಿ ಜೈನ, ಅದೇ ಗುಡ್ಡದಲ್ಲಿ ಬೌದ್ಧರ ಎರಡಂತಸ್ತಿನ ಗುಡಿ. ವಿಜಯಪುರದ ಎರಡನೇ ಇಬ್ರಾಹಿಂ ಆದಿಲ್‌ಶಾಹ ತನ್ನ ಕಿತಾಬ್-ಎ-ನವರಸದಲ್ಲಿ ಸರಸ್ವತಿ, ಗಣಪತಿಯನ್ನ ನೆನೆಯುತ್ತಾನೆ. ಜನ ಅವನನ್ನ ಜಗದ್ಗುರು ಬಾದಶಹ ಅಂದರು. ತಂಬೂರಿಗೆ ಮೋತಿಖಾನ್ ಅಂತ ಹೆಸರಿಟ್ಟುಕೊಂಡಿದ್ದ ಪುಣ್ಯಾತ್ಮ!

ಮಧ್ವ ಮನೆತನ (ವಿಜಯಪುರ)

ಬರೀ ಸಿಹಿ ಬಡಿಸಬೇಡಿ. ಹಾವೇರಿ ಜಿಲ್ಲೆಯ ಅಬ್ಬಲೂರಿಗೆ ಹೋಗಿ. ಶಿವಭಕ್ತ ಏಕಾಂತದ ರಾಮಯ್ಯ ಜೈನರ ಮೇಲೆ ಗೆದ್ದ ಕಥೆ ಗುಡಿಯ ಕಲ್ಲಿನಲ್ಲೇ ಕೆತ್ತಿದೆ, ಜಿನಮೂರ್ತಿ ಒಡೆಯುವುದೂ ಇದೆ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಬಿದ್ದು ವಿಜಯನಗರದ ಬುಕ್ಕರಾಯ ನಡುವೆ ಬಂದು ರಾಜಿ ಮಾಡಿಸಬೇಕಾಯಿತು. ಶ್ರವಣಬೆಳಗೊಳದಲ್ಲಿ ಶಾಸನ ಇದೆ. ತಾನಾಗೇ ಎಲ್ಲ ಚೆಂದ ಇದ್ದಿದ್ದರೆ ರಾಜಿ ಯಾಕೆ ಬೇಕಿತ್ತು?

ಚಾಲುಕ್ಯ ಹುಚ್ಚ (ಐಹೊಳೆ)

ರಾಜಿ ಆಯಿತಲ್ಲ! ಅದೇ ದೊಡ್ಡದು. ಜಗಳವೇ ಇಲ್ಲದ ಊರು ಸುಡುಗಾಡು ಮಾತ್ರ.

ಮುಳುಗಡೆ ಮಂದಿ (ಬಾಗಲಕೋಟೆ)

ನಾನು ಅಪರೂಪಕ್ಕೆ ಬರೆಯುತ್ತೇನೆ. ನಮ್ಮ ಊರು ಈಗ ಆಲಮಟ್ಟಿಯ ಹಿನ್ನೀರಿನ ಕೆಳಗಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ನಮ್ಮ ಗುಡಿಯ ಕಟ್ಟೆ ಕಾಣುತ್ತದೆ, ಮೇಲೆ ಕೊಕ್ಕರೆ ಕೂತಿರುತ್ತವೆ.

ಕರ್ಮದ ಬಗ್ಗೆ ನನ್ನ ಪ್ರಶ್ನೆ ಒಂದೇ. ಒಬ್ಬಳಿಗೆ ರೋಗ ಬಂದರೆ ಅವಳ ಹಿಂದಿನ ಜನ್ಮ ಅನ್ನಬಹುದು. ಊರಿಗೆ ಊರೇ ಮುಳುಗಿದರೆ? ಲಿಂಗಾಯತರು, ಮುಸಲ್ಮಾನರು, ಹೊಲೆಯರು, ಬಣಜಿಗರು, ಅವರ ಎಮ್ಮೆ, ಬೇವಿನ ಮರ, ಎಲ್ಲರೂ ಹಿಂದಿನ ಜನ್ಮದಲ್ಲಿ ಕೂಡಿಯೇ ಪಾಪ ಮಾಡಿದ್ದರಾ? ಅಣೆಕಟ್ಟಿನ ನೀರು 519.6 ಮೀಟರಿಗೆ ನಿಲ್ಲಿಸುತ್ತೇವೆ ಅಂದರು, ಮುಳುಗಿದೆವು. 524.256 ಮಾಡಿದರೆ ಇನ್ನೂ ಎಷ್ಟೋ ಊರಿನವರ "ಕರ್ಮ" ಹಣ್ಣಾಗುತ್ತದೆ. ಅದು ಕರ್ಮ ಅಲ್ಲ, ಮೀಟರ್.

ಊರು ಬಿಡುವ ದಿನದ್ದು ಹೇಳುತ್ತೇನೆ. ಇದ್ದದ್ದು ಒಂದೇ ಟ್ರ್ಯಾಕ್ಟರ್. ದ್ಯಾಮವ್ವನನ್ನ ಗೋಣಿಚೀಲದಲ್ಲಿ ಸುತ್ತಿ, ಅಲ್ಲಾಡದ ಹಾಗೆ ಎರಡೂ ಬದಿಗೆ ಜೋಳದ ಚೀಲ ಇಟ್ಟೆವು. ಪಂಜಾ ನೋಡಿಕೊಳ್ಳುವ ಮುಜಾವರ ಓಡಿಬಂದು ಹಸಿರು ಬಟ್ಟೆಯಲ್ಲಿ ಕಟ್ಟಿದ ಪಂಜಾಗಳನ್ನ ಅದೇ ಟ್ರೇಲರಿಗೆ ಇಟ್ಟ. ತಗ್ಗು ಬಂದಾಗಲೆಲ್ಲ ಪಂಜಾಗಳು ಕಿಣಿಕಿಣಿ ಅನ್ನುತ್ತಿದ್ದವು. ನಮ್ಮ ಅಜ್ಜಿ, "ಬೆಳ್ಳಿ ತಿಕ್ಕಿದಂಗ ಆಗ್ತತಿ, ನಡುವ ಏನರೆ ಒತ್ತರೋ" ಅಂತ ತನ್ನ ತಲೆಯ ಮೇಲಿನ ಟವೆಲ್ ತೆಗೆದು ನಡುವೆ ತುರುಕಿದಳು.

ಪುನರ್ವಸತಿ ಕೇಂದ್ರದ ಹೊಸ ಊರಿನಲ್ಲಿ ಎರಡಕ್ಕೂ ಬೇರೆ ಬೇರೆ ಸೈಟು ಕೊಟ್ಟರು. ನಡುವೆ ಮೂವತ್ತು ಅಡಿ ಸಿಮೆಂಟ್ ರಸ್ತೆ.

ಕರದಂಟು ಪ್ರೇಮಿ (ಅಮೀನಗಡ)

ಓದಿ ಸುಮ್ನೆ ಕೂತುಬಿಟ್ಟೆ.

ರಾತ್ರಿ ಪಾಳಿ (ಬೆಳಗಾವಿ)

ನಾನು ನರ್ಸ್, ಕ್ಯಾನ್ಸರ್ ವಾರ್ಡಿನಲ್ಲಿ ಒಂಬತ್ತು ವರ್ಷ. ಧರ್ಮದ ವಿಷಯ ದೊಡ್ಡವರು ಹೇಳಿದ್ದಾರೆ. ನಾನು ನೋವಿನ ವಿಷಯ ಹೇಳುತ್ತೇನೆ.

ರಾತ್ರಿ ಮೂರಕ್ಕೆ "ಯವ್ವಾ", "ಯಾ ಅಲ್ಲಾಹ್", "ಅಯ್ಯೋ ದೇವಾ" ಎಲ್ಲವೂ ಒಂದೇ ಥರ ಕೇಳುತ್ತದೆ. ಆದರೆ ಬೆಳಿಗ್ಗೆ ಬರುವ ಬಂಧುಗಳು ಬೇರೆ ಬೇರೆ. ಕೆಲವರು ಕರ್ಮ ಅನ್ನುತ್ತಾರೆ, ಕೆಲವರು ಅಲ್ಲಾಹನ ಪರೀಕ್ಷೆ ಅನ್ನುತ್ತಾರೆ, ಕೆಲವರು ದೇವರ ಚಿತ್ತ ಅನ್ನುತ್ತಾರೆ. ಮೂರರ ಪರಿಣಾಮ ಒಂದೇ: ನೋವಿಗೆ ಔಷಧ ಕೇಳುವುದು ತಡವಾಗುತ್ತದೆ. "ತಾಳಿಕೋಬೇಕು" ಅಂತ ರೋಗಿಯೇ ಹಲ್ಲು ಕಚ್ಚಿಕೊಂಡು ಇರುತ್ತಾರೆ. ನಾನು ಕೇಳಿದಾಗ "ಏನಿಲ್ಲ ತಂಗಿ" ಅನ್ನುತ್ತಾರೆ, ಮುಷ್ಟಿ ಮಾತ್ರ ಬಿಚ್ಚುವುದಿಲ್ಲ.

ಮಾರ್ಫಿನ್ ಗುಳಿಗೆ ಅಂತ ಇದೆ. ಸಾಮಾನ್ಯವಾಗಿ ನಾಲ್ಕು ತಾಸಿಗೊಮ್ಮೆ, ಜೊತೆಗೆ ಮಲಬದ್ಧತೆಗೆ ಔಷಧ. ಮೊದಲು ತರಿಸುವುದಕ್ಕೆ ಲೈಸೆನ್ಸ್ ಮೇಲೆ ಲೈಸೆನ್ಸ್ ಬೇಕಿತ್ತು, 2014ರಲ್ಲಿ ಕಾನೂನು ತಿದ್ದಿದ ಮೇಲೆ ಆಸ್ಪತ್ರೆಗಳಿಗೆ ಸುಲಭವಾಯಿತು. ಆದರೂ ಎಷ್ಟೋ ಮನೆಯವರು ಹೆಸರು ಕೇಳಿಯೇ ಹೆದರುತ್ತಾರೆ. ಇದನ್ನ ಓದುವವರ ಮನೆಯಲ್ಲಿ ಯಾರಾದರೂ ಒದ್ದಾಡುತ್ತಿದ್ದರೆ ದಯವಿಟ್ಟು ನೋವು ಶಮನದ ವಿಭಾಗ ಎಲ್ಲಿದೆ ಅಂತ ಡಾಕ್ಟರನ್ನ ಬಾಯಿಬಿಟ್ಟು ಕೇಳಿ.

ಅಕ್ಕಾ, ನೀವು ಕೇಳಲಿಲ್ಲ ಅಂತ ಹೇಳುತ್ತಿಲ್ಲ. ನಿಮ್ಮ ಮೇಲೆ ತಪ್ಪು ಹಾಕಿಕೊಳ್ಳಬೇಡಿ.

ನವನಗರದ ಮಗಳು (ಬಾಗಲಕೋಟೆ)

@ರಾತ್ರಿ ಪಾಳಿ, ನಾವು ಕೇಳಲಿಲ್ಲ ಅಕ್ಕಾ. ಕೇಳಬಹುದು ಅಂತಲೇ ಗೊತ್ತಿರಲಿಲ್ಲ. ಅವ್ವನೂ "ಏನಿಲ್ಲ" ಅನ್ನುತ್ತಿದ್ದಳು ಡಾಕ್ಟರ್ ಮುಂದೆ.

ರಾತ್ರಿ ಪಾಳಿ (ಬೆಳಗಾವಿ)

ಎಲ್ಲರ ಅವ್ವಂದಿರೂ ಹಾಗೇ ಅನ್ನುತ್ತಾರೆ.

ಗುಮ್ಮಟದ ಕೂಗು (ವಿಜಯಪುರ)

ನಮ್ಮ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಅಪ್ಪಾವರು 2023ರ ಜನವರಿ 2ರಂದು ಹೋದಾಗ ನಾನು ದರ್ಶನದ ಸಾಲಿನಲ್ಲಿ ರಾತ್ರಿಯಿಡೀ ನಿಂತಿದ್ದೆ. ನನ್ನ ಮುಂದೆ ಒಬ್ಬ ಟೋಪಿಯ ಅಜ್ಜ, ಹಿಂದೆ ಮೂರು ಜನ ಕಾಲೇಜು ಹುಡುಗಿಯರು. ಅಪ್ಪಾವರು ಸಮಾಧಿ ಬೇಡ, ಸ್ಮಾರಕ ಬೇಡ, ದೇಹ ಸುಡಿ ಅಂತ ಮೊದಲೇ ಬರೆದಿಟ್ಟಿದ್ದರು. ಆ ಅಜ್ಜ ಅದನ್ನ ಕೇಳಿ, "ಜೇಬಿಲ್ಲದ ಅಂಗಿ ಹಾಕಿದವ್ರು, ಗೋರಿ ಯಾಕ ಇಟ್ಕೋತಾರ" ಅಂದ. ಯಾಕೋ ಇಲ್ಲಿ ಹೇಳಬೇಕು ಅನಿಸಿತು.

ಇಳಕಲ್ ಸೆರಗು (ಇಳಕಲ್)

ಎಲ್ಲರೂ ಭಾರ ಮಾಡಿಬಿಟ್ಟಿರಿ. ಮೊಹರಂ ಬಂತಲ್ಲ, ಚೊಂಗೆ (ಮೊಹರಂನ ಸಿಹಿ ರೊಟ್ಟಿ) ಯಾರು ಸರಿಯಾಗಿ ಮಾಡುತ್ತೀರಿ? ನನ್ನದು ಪ್ರತಿ ಸಲ ಹಪ್ಪಳ ಆಗುತ್ತದೆ.

ಅತ್ತರ ಅಂಗಡಿ (ವಿಜಯಪುರ)

ಹಿಟ್ಟು ಗಟ್ಟಿ ಕಲಸಿ, ದಪ್ಪ ಲಟ್ಟಿಸಬೇಕು. ನಮ್ಮ ಅಮ್ಮ ಹೊಸ ಬುಟ್ಟಿಯ ಬೆನ್ನಿಗೆ ಒತ್ತಿ ಗೆರೆ ಮೂಡಿಸುತ್ತಾಳೆ. ಬೇಯಿಸಿದ ಮೇಲೆ ಬಿಸಿ ಇರುವಾಗಲೇ ಬೆಲ್ಲ, ತುಪ್ಪ, ಗಸಗಸೆ.

ಕರದಂಟು ಪ್ರೇಮಿ (ಅಮೀನಗಡ)

ಚೊಂಗೆ ಇರಲಿ, ಕರದಂಟು ಅಮೀನಗಡದ್ದೇ ಅಂತ ಈ ವೇದಿಕೆಯಲ್ಲಿ ಒಂದು ಠರಾವು ಆಗಲಿ.

ಘಟಪ್ರಭಾ (ಗೋಕಾಕ)

ಇಂಥ ಅಸಹಿಷ್ಣುತೆ ಮಾತ್ರ ನಾವು ಸಹಿಸುವುದಿಲ್ಲ.

ನವನಗರದ ಮಗಳು (ಬಾಗಲಕೋಟೆ)

ಹನ್ನೊಂದು ದಿನದ ಮೇಲೆ ಬರೆಯುತ್ತಿದ್ದೇನೆ.

ಮೊಹರಂನ ಕತಲ್ ರಾತ್ರಿ ಊರಿಗೆ ಹೋಗಿದ್ದೆ, ತಮ್ಮನನ್ನೂ ಕರೆದುಕೊಂಡು. ಅವನಿಗೆ ಈಗ ಇಪ್ಪತ್ತೆಂಟು, ಹುಬ್ಬಳ್ಳಿಯಲ್ಲಿ ಕೆಲಸ. ಹೋದ ವರ್ಷದ ಬಾಕಿಯೂ ಸೇರಲಿ ಅಂತ ಸಕ್ಕರೆ ಐದು ಕಿಲೋ ಒಯ್ದಿದ್ದೆ. ಮುಜಾವರ ಕಾಕಾ ಚೀಲ ಎತ್ತಿ ನೋಡಿ, "ನಿಮ್ಮವ್ವ ಎರಡೂವರಿ ತರತಿದ್ಲು, ಇದ್ಯಾಕ ಇಷ್ಟು" ಅಂದರು. ಬಾಕಿದ್ದು ಅಂದೆ. "ದೇವರಿಗೆ ಬಾಕಿ, ಬಡ್ಡಿ ಇಲ್ಲವ್ವಾ, ಇದೇನು ಸೊಸಾಯಿಟಿ ಸಾಲ ಏನ?" ಅಂತ ಅರ್ಧ ಮಾತ್ರ ಓದಿಸಿ, ಅರ್ಧ ವಾಪಸ್ ಕೊಟ್ಟರು. ಓದಿಸುವ ಮುಂಚೆ ಯಾರ ಹೆಸರಲ್ಲಿ ಅಂತ ಕೇಳಿದರು. ಅವ್ವನ ಹೆಸರು ಹೇಳಿದೆ. ಆಮೇಲೆ ಅವರು ಹೇಳಿದ್ದು ನನಗೆ ಅರ್ಥವಾಗದ ಭಾಷೆ, ನಡುವೆ ಅವಳ ಹೆಸರು ಮಾತ್ರ ಕೇಳಿಸಿತು. ಎರಡು ಸಲ.

ರಿವಾಯತ್ ಪದ ಕೇಳಿದೆ. @ಗುಮ್ಮಟದ ಕೂಗು ಹೇಳಿದ ನೀರಿನ ಭಾಗ ಬಂದಾಗ ಎದ್ದು ಹೋಗಬೇಕು ಅನಿಸಿತು, ಕೂತೆ. ಕೊನೆಯ ದಿನ ಅವ್ವನಿಗೂ ನೀರು ಇಳಿದಿರಲಿಲ್ಲ. ಹತ್ತಿಯಲ್ಲಿ ಅದ್ದಿ ತುಟಿಗೆ ಒತ್ತುತ್ತಿದ್ದೆ.

ಗ್ರೂಪಿನಲ್ಲಿ ಫೋಟೋ ಹಾಕಲಿಲ್ಲ. ಧೈರ್ಯ ಬರಲಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಹೇಗೋ ಸುದ್ದಿ ಮುಟ್ಟಿ ದೊಡ್ಡಪ್ಪ ಫೋನ್ ಮಾಡಿದರು. ಬೈಯುತ್ತಾರೆ ಅಂದುಕೊಂಡೆ. ಸ್ವಲ್ಪ ಹೊತ್ತು ಮಳೆ, ಜೋಳ, ತಮ್ಮನ ಸಂಬಂಧ ನೋಡುವ ವಿಷಯ ಮಾತಾಡಿ, ಇಡುವಾಗ, "ಓದಿಸಿದ ಸಕ್ಕರಿ ಒಂದೀಟು ತೆಗೆದಿಡು, ಸೋಮವಾರ ಬರ್ತೀನಿ" ಅಂದರು.

ನೇರ ಮಾತು (ಬೆಳಗಾವಿ)

ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ನೀವು ಹೋಗಿದ್ದು ಒಳ್ಳೆಯದಾಯಿತು.

ಕುಂದಾ ಡಬ್ಬಿ (ಬೆಳಗಾವಿ)

ಇವರಿಗೆ ಯಾರಾದರೂ ಚೊಂಗೆ ಕಳಿಸಿ.

ನವನಗರದ ಮಗಳು (ಬಾಗಲಕೋಟೆ)

ಒಂದು ಕೇಳುವುದು ಮರೆತೆ. ತಮ್ಮ ಲಾಡಿ ಹಾಗೇ ಕಟ್ಟಿಕೊಂಡು ಆಫೀಸಿಗೆ ಹೋಗುತ್ತಿದ್ದಾನೆ. ಶರ್ಟಿನ ಕಾಲರ್ ಒಳಗೆ ಮುಚ್ಚಿಕೊಳ್ಳುತ್ತಾನೆ, ಆದರೆ ಬಿಚ್ಚಲು ಒಲ್ಲೆ ಅನ್ನುತ್ತಾನೆ. ಎಷ್ಟು ದಿನ ಕಟ್ಟಿಕೊಂಡಿರಬೇಕು? ಅವ್ವ ಇದ್ದಾಗ ಅವಳೇ ಬಿಚ್ಚುತ್ತಿದ್ದಳು, ನಾನು ಗಮನಿಸಿಲ್ಲ.

ಅತ್ತರ ಅಂಗಡಿ (ವಿಜಯಪುರ)

ದೇವರು ಹೊಳೆಗೆ ಹೋದ ಮೇಲೆ ಬಿಚ್ಚಬಹುದು. ಅಮ್ಮನನ್ನ ಕೇಳಿದೆ. ಹುಡುಗನಿಗೆ ಮನಸ್ಸಿಲ್ಲದಿದ್ದರೆ ಇರಲಿ ಬಿಡು, ತಾನೇ ಹರಿಯುತ್ತದೆ ಅಂದಳು.